ಭಾವನ ಹೆಸರಿಗೆ ನನ್ನ ಉಸಿರು

ಅಕ್ಟೋಬರ್ 14, ಬುಧವಾರ

ಇವತ್ತು ಐದು ಜನರ ಹೆಸರಿಗೆ ಊದಿದೆ. ಒಂದು ನನ್ನದು, ಒಂದು ಭಾವ ಅಮಾರೋನದು, ಒಂದು ಮೊಂಚೋನದು, ಉಳಿದೆರಡು ಅಂಚು ಉಜ್ಜುವ ಅಣ್ಣತಮ್ಮಂದಿರದು. ಐದನೆಯ ಸಲವೂ ನರ್ಸ್ ಪರದೆ ನೋಡಿ ಹುಬ್ಬೇರಿಸಿದಳು. ಮೂವತ್ತೆಂಟು ವಯಸ್ಸಿಗೆ ಇನ್ನೇನು ಬೇಕು ನನಗೆ.

ವರ್ಷಕ್ಕೊಮ್ಮೆ ಈ ವೈದ್ಯಕೀಯ ವ್ಯಾನ್ ನಮ್ಮ ಕಾರ್ಖಾನೆಯ ಅಂಗಳಕ್ಕೆ ಬರುತ್ತದೆ. ಎಕ್ಸ್‌ರೇ ಗಿಕ್ಸ್‌ರೇ ಏನೂ ಇಲ್ಲ. ಹೆಸರು ಕರೆದಾಗ ಹತ್ತಬೇಕು, ಮೂಗಿಗೆ ಚಿಮುಟ ಹಾಕಿಸಿಕೊಂಡು, ಕೊಳವೆ ಕಚ್ಚಿ, ಒಳಗಿನ ಉಸಿರೆಲ್ಲ ಮುಗಿಯುವ ತನಕ ಊದಬೇಕು. ಅಡುಗೆಮನೆ ಕಟ್ಟೆಗೆ ಹಾಸುವ ಕೃತಕ ಕಲ್ಲನ್ನು ಕೊಯ್ದು ಉಜ್ಜುವವರು ನಾವು. ಕೆಲಸದಿಂದ ಎದ್ದು ಬಂದರೆ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಒಂದೇ ಬಿಳಿ. ಹೊಸ ನರ್ಸಿಗೆ ಒಂಬತ್ತು ಜನರೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡಿರಬೇಕು. ಕಾರ್ಡಿನ ಫೋಟೋ ನೋಡುವ ಗೋಜಿಗೇ ಅವಳು ಹೋಗಲಿಲ್ಲ. ನಾನು ಒಮ್ಮೆ ಟೊಪ್ಪಿ ಬದಲಿಸಿದೆ, ಒಮ್ಮೆ ಕನ್ನಡಕ ಏರಿಸಿದೆ, ಒಮ್ಮೆ ಕುಂಟುತ್ತಾ ಹತ್ತಿದೆ.

ಕಡಿಮೆ ಊದಿದವನಿಗೆ ಧೂಳಿನ ಕೆಲಸಕ್ಕೆ ಅನರ್ಹ ಎಂಬ ಚೀಟಿ ಬರುತ್ತದೆ. ನಮ್ಮಲ್ಲಿ ಧೂಳಿಲ್ಲದ ಕೆಲಸ ಯಾವುದಿದೆ? ಮಾಲೀಕ ಎಲಾದಿಯೋನ ಕುರ್ಚಿ ಒಂದೇ, ಅದರಲ್ಲಿ ಅವನು ಕೂತಿದ್ದಾನೆ. ಅದಕ್ಕೇ ಉಸಿರು ಸಾಲದವರೆಲ್ಲ ಹಿಂದಿನ ದಿನ ನನ್ನ ಬಳಿ ಬಂದು ಭುಜ ತಟ್ಟುತ್ತಾರೆ. ನಮ್ಮ ಗಲೀಸಿಯಾ ಸೀಮೆಯಲ್ಲಿ ಗಾಯ್ತಾ ಎಂಬ ಚೀಲವಾದ್ಯ ಊದುವವನಿಗೆ ಹಬ್ಬದಲ್ಲಿ ಮರ್ಯಾದೆ. ನನಗೆ ಕಾರ್ಖಾನೆಯಲ್ಲೂ ಮರ್ಯಾದೆ. ಹನ್ನೆರಡನೇ ವಯಸ್ಸಿನಿಂದ ಆ ಚರ್ಮದ ಚೀಲಕ್ಕೆ ಗಾಳಿ ತುಂಬಿಸಿ, ಕಂಕುಳಲ್ಲಿ ಒತ್ತಿ, ಮೆರವಣಿಗೆಯ ಮುಂದೆ ಮೂರು ಮೂರು ಗಂಟೆ ನಡೆದವನು ನಾನು.

ಅಮಾರೋಗೆ ಇದು ಮೂರನೇ ವರ್ಷ. ವ್ಯಾನಿನ ಹಿಂದೆ ನಿಂತು ಕಾರ್ಡು ಕೊಡುತ್ತಾ ಅಂದ, "ಲೋ ಭಾಮೈದ, ನನ್ನ ಹೆಸರಿಗೆ ಊದೋವಾಗ ಸ್ವಲ್ಪ ಕೈ ಬಿಗಿ ಹಿಡಿ ಮಾರಾಯ. ಹೋದ ವರ್ಷ ನಂದು ಇಪ್ಪತ್ತರ ಹುಡುಗನ ಥರ ಬಂದಿತ್ತು."

"ಕಡಿಮೆ ಊದೋಕೆ ನಂಗೆ ಬರಲ್ಲ ಭಾವ. ಬೇಕಾದ್ರೆ ಬೇರೆಯೋರನ್ನ ನೋಡ್ಕೋ."

"ಆಯ್ತಪ್ಪ, ಊದು. ನಿಮ್ಮಕ್ಕ ನನ್ನ ಕಾಗದ ನೋಡಿ ನಿಜಕ್ಕೂ ಹುಡುಗ ಅಂದ್ಕೊಂಡ್ರೆ ಕಷ್ಟ ನಂದು."

ಅವನಿಗೆ ನೂರಾ ಹದಿನೆಂಟು ಬಂತು. ಆ ವಯಸ್ಸಿನ ಗಟ್ಟಿಮುಟ್ಟಾದವನಿಗೆ ನೂರು ಎಂಬುದು ಲೆಕ್ಕವಂತೆ.

ನವೆಂಬರ್ 22, ಭಾನುವಾರ

ವಾದ್ಯದವರನ್ನು ಕಾಯುವ ಸಂತ ಸೆಸಿಲಿಯಾಳ ಹಬ್ಬ. ಚರ್ಚಿನ ದಿಬ್ಬ ಹತ್ತುತ್ತಾ ನುಡಿಸುವುದು ವಾಡಿಕೆ. ಅರ್ಧ ದಿಬ್ಬದಲ್ಲಿ ಸ್ವರ ಇಳಿಯಿತು. ಚೀಲ ಎಲ್ಲೋ ಸೋರುತ್ತಿದೆ. ಮನೆಗೆ ಬಂದು ಹೊಲಿಗೆಗೆಲ್ಲ ಕೊಬ್ಬು ಸವರಿ ಇಟ್ಟಿದ್ದೇನೆ.

ಡಿಸೆಂಬರ್ 3, ಗುರುವಾರ

ಅಮಾರೋ ಬಿದ್ದ. ಗಿರಾಕಿಯೊಬ್ಬರ ಮನೆಯ ಮೂರನೇ ಮಹಡಿಗೆ ಇಬ್ಬರೂ ಕಲ್ಲು ಹೊತ್ತೆವು. ಮಾಮೂಲಿನಂತೆ ನಲ್ಲಿ ಕೂರಿಸುವ ತೂತನ್ನು ಅಲ್ಲೇ ಒಣಕಲ್ಲಿನಲ್ಲೇ ಕೊರೆದೆವು. ನೀರು ಬಿಟ್ಟು ಕೊರೆದರೆ ಮನೆಯೊಡತಿಯ ಹೊಸ ನೆಲ ಕೆಸರಾಗುತ್ತದೆ, ಅವಳು ಎಲಾದಿಯೋಗೆ ಫೋನ್ ಮಾಡುತ್ತಾಳೆ. ಕಿಟಕಿ ತೆಗೆದು, ಕಾಗದದ ಮುಸುಕು ಕಟ್ಟಿ ಹತ್ತು ನಿಮಿಷದಲ್ಲಿ ಮುಗಿಸಿದೆವು. ಇಳಿಯುವಾಗ ಅಮಾರೋ ಕಟಕಟೆ ಹಿಡಿದು ಕುಸಿದ. ತುಟಿ ನೀಲಿಯಾಗಿತ್ತು.

ಅಕ್ಕ ಸಬೇಲಾ ಆಸ್ಪತ್ರೆಗೆ ಏಪ್ರನ್ನಿನಲ್ಲೇ ಓಡಿ ಬಂದಳು. "ಏನ್ ಹೊತ್ಕೊಂಡಿದ್ದ ಅವನು?" ಎಂದು ನನ್ನನ್ನೇ ಕೇಳಿದಳು.

"ಏನೂ ಇಲ್ಲಕ್ಕ. ಬರಿಗೈಲಿ ಇಳೀತಿದ್ದ."

ಅವಳು ಬೆಂಚಿನ ಮೇಲೆ ಕೂತು ಏಪ್ರನ್ ಬಿಚ್ಚಿ ಮಡಿಸಿದಳು, ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು.

ಜನವರಿ 17, ಭಾನುವಾರ

ನಗರದ ದೊಡ್ಡಾಸ್ಪತ್ರೆಯಲ್ಲಿ ಅಮಾರೋನ ಎಕ್ಸ್‌ರೇ ತೆಗೆದರು. ಅವನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದ. ಎರಡೂ ಕಡೆ ಹಿಟ್ಟು ಚೆಲ್ಲಿದ ಹಾಗಿದೆ. ಸಿಲಿಕೋಸಿಸ್, ಕಲ್ಲಿನ ಧೂಳು ಒಳಗೇ ಕೂತು ಗಟ್ಟಿಯಾಗಿದೆ ಎಂದು ಡಾಕ್ಟರ್ ರೆಬೋರೆದೋ ಎಂಬ ಹೆಂಗಸು ಹೇಳಿದಳಂತೆ. ಇದು ಕೆಲಸದಿಂದ ಬಂದ ಕಾಯಿಲೆ ಎಂದು ವಿಮಾ ಸಂಸ್ಥೆ ಒಪ್ಪಬೇಕು. ಒಪ್ಪಿದರೆ ಬದುಕಿರುವ ತನಕ ಪಿಂಚಣಿ, ಕಲ್ಲಿನ ಕೆಲಸದಿಂದ ಬಿಡುಗಡೆ. ಒಪ್ಪದಿದ್ದರೆ ರಜೆ ಮುಗಿದ ದಿನ ಮತ್ತೆ ಅದೇ ಉಜ್ಜುವ ಮೇಜಿಗೆ.

"ಇನ್ನೊಂದೆರಡು ವರ್ಷ ಉಜ್ಜಿದ್ರೆ ಮೂರನೇ ವರ್ಷ ಉಜ್ಜೋಕೆ ನೀವಿರಲ್ಲ ಅಂದ್ಲು ಆ ಡಾಕ್ಟ್ರು," ಎಂದ ಅಮಾರೋ. "ನೋಡೋಕೆ ಮೆತ್ತಗಿದಾಳೆ. ಮಾತು ಮಾತ್ರ ಗರಗಸ."

ಮುಂದಿನ ತಿಂಗಳು ಅವನು ವಿಮೆಯವರ ಮುಂದೆ ಊದಬೇಕು. ಈ ಸಲ ಅವನೇ.

ಫೆಬ್ರವರಿ 16, ಮಂಗಳವಾರ

ಕಾರ್ನಿವಲ್. ವೇಷದವರ ಮುಂದೆ ನುಡಿಸಿದೆ. ಎರಡನೇ ಸುತ್ತನ್ನು ಡೋಲಿನವರಿಗೆ ಬಿಟ್ಟುಕೊಟ್ಟೆ. ಅವರಿಗೂ ಅವಕಾಶ ಬೇಕಲ್ಲ. ಹೊಸ ಚೀಲ ತಂದಿದ್ದೇನೆ, ಪೀಪಿಯ ನಾಲಿಗೆಯನ್ನು ತೆಳ್ಳಗೆ ಹೆರೆದು ಹಗುರ ಮಾಡಿಕೊಂಡಿದ್ದೇನೆ. ಈಗಿನ ಚರ್ಮಗಳೇ ಸರಿಯಿಲ್ಲ, ಯಾವುದೂ ಗಾಳಿ ಹಿಡಿಯುವುದಿಲ್ಲ.

ಅಮಾರೋ ಕಿಟಕಿಯಲ್ಲಿ ನಿಂತು ನೋಡಿದ. ಕೆಳಗಿಳಿಯಲಿಲ್ಲ. ಅವನನ್ನು ನೋಡಿ ನನಗೆ ಅಳು ಬಂತು, ವೇಷದ ಮಧ್ಯೆ ಯಾರೂ ಗಮನಿಸಲಿಲ್ಲ.

ಮಾರ್ಚ್ 12, ಶುಕ್ರವಾರ

ಕಾಗದ ಬಂದಿದೆ. ತಿರಸ್ಕಾರ. ಸಬೇಲಾ ಅಡುಗೆಮನೆಯಲ್ಲಿ ನಿಂತು ಎರಡು ಸಲ ಜೋರಾಗಿ ಓದಿದಳು. ಅಕ್ಟೋಬರ್ ಹದಿನಾಲ್ಕರಂದು ಅರ್ಜಿದಾರರ ಉಸಿರಿನ ಪ್ರಮಾಣ ನೂರಾ ಹದಿನೆಂಟು ಇತ್ತು. ಹಿಂದಿನ ಎರಡು ವರ್ಷವೂ ಹಾಗೇ ಇತ್ತು. ಫೆಬ್ರವರಿಯಲ್ಲಿ ನಲವತ್ತೆಂಟು ಎಂದು ತೋರಿಸುತ್ತಿದ್ದಾರೆ. ಧೂಳಿನಿಂದ ಶ್ವಾಸಕೋಶ ತಿಂಗಳುಗಳಲ್ಲಿ ಹೀಗೆ ಇಳಿಯುವುದು ಸಾಧ್ಯವಿಲ್ಲ. ಎಕ್ಸ್‌ರೇಯಲ್ಲಿ ಕಲೆಗಳಿದ್ದರೂ ಉಸಿರು ಕುಗ್ಗಿಲ್ಲ. ಅರ್ಜಿದಾರರು ಬೇಕೆಂದೇ ಪೂರ್ತಿ ಊದುತ್ತಿಲ್ಲ.

"ಬೇಕೂಂತ ಊದ್ತಿಲ್ಲವಂತೆ," ಎಂದಳು ಸಬೇಲಾ. "ರಾತ್ರಿ ಕೂತ್ಕೊಂಡೇ ಮಲಗ್ತಾನೆ ಈ ಮನುಷ್ಯ, ಅದೂ ನಾಟಕ ಇರ್ಬೇಕು. ನಿಕಾನೋರ್, ನೀನು ಅಲ್ಲೇ ಇದ್ಯಲ್ಲ, ಅಕ್ಟೋಬರಲ್ಲಿ ಇವನು ಅಷ್ಟು ಹೇಗೆ ಊದಿದ?"

ಅಮಾರೋ ನನ್ನನ್ನು ನೋಡಲಿಲ್ಲ. ನಾನು ಯಂತ್ರ ಹಳೆಯದು ಅಂದೆ. ಬಾಯಿಗೆ ಬಂದ ಸುಳ್ಳು. ಅವನ ರೋಗಕ್ಕೆ ಸಾಕ್ಷಿಯಿಲ್ಲದ ಹಾಗೆ ಮಾಡಿದವನು ನಾನು, ಅದೂ ಹೆಮ್ಮೆಗಾಗಿ. ತೊಂಬತ್ತು ಊದಿದ್ದರೆ, ಎಂಬತ್ತು ಊದಿದ್ದರೆ ಏನು ಹೋಗುತ್ತಿತ್ತು ನನ್ನ ಗಂಟು.

ಏಪ್ರಿಲ್ 5, ಸೋಮವಾರ

ಈಸ್ಟರ್ ಮರುದಿನ. ಅಮಾರೋ ಜೊತೆ ಹಿತ್ತಿಲಿನಲ್ಲಿ ಮಾತಾಡಿದೆ. ಹೋಗಿ ಡಾಕ್ಟರಿಗೆ ಎಲ್ಲ ಹೇಳುತ್ತೇನೆ ಅಂದೆ.

"ಹೇಳಿ? ನೀನೂ ಮನೇಲಿ ಕೂರ್ತೀಯ. ಮೋಸ ಮಾಡಿದ್ದಕ್ಕೆ ಕೇಸು ಬೇರೆ. ಇಬ್ರೂ ಸಬೇಲಾ ಅಡುಗೆಮನೇಲಿ ಆಲೂಗಡ್ಡೆ ಸುಲೀತಾ ಕೂರೋಣ್ವಾ?"

"ಮತ್ತೆ ಜೂನ್‌ನಲ್ಲಿ ನಿನ್ನ ರಜೆ ಮುಗಿಯುತ್ತೆ. ಆಮೇಲೆ ಏನ್ ಮಾಡ್ತೀಯ?"

"ಉಜ್ಜುತ್ತೀನಿ."

"ಉಜ್ಜೋಕೆ ನಿಲ್ಲೋಕಾದ್ರೂ ಆಗುತ್ತಾ ಭಾವ ನಿಂಗೆ?"

"ನೀನು ಬಾಯಿ ಮುಚ್ಕೊಂಡಿರ್ತೀನಿ ಅಂತ ಮಾತು ಕೊಡು. ಕಾರ್ಡು ಕೊಟ್ಟೋನು ನಾನು. ನೀನಾಗಿ ಬಂದು ಕೇಳಿರ್ಲಿಲ್ಲ."

ನಾನು ಮಾತು ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಅಲ್ಲಿಂದ ಮನೆಗೆ ಕಾರಿನಲ್ಲೇ ಬಂದೆ. ಐದು ನಿಮಿಷದ ದಾರಿ, ಆದರೆ ಗಾಳಿ ಎದುರಿಗಿತ್ತು.

ಏಪ್ರಿಲ್ 22, ಗುರುವಾರ

ನಾನು ಡಾಕ್ಟರ ಬಳಿ ಹೋಗಬಹುದು ಎಂಬ ಸುದ್ದಿ ಹೇಗೋ ಕಾರ್ಖಾನೆಗೆ ತಲುಪಿದೆ. ಬೆಳಗ್ಗೆ ಮೊಂಚೋ ಕತ್ತರಿಸುವ ಯಂತ್ರ ನಿಲ್ಲಿಸಿ ಎದುರು ಬಂದು ನಿಂತ. ಇಪ್ಪತ್ತು ವರ್ಷದಿಂದ ಗೆಳೆಯ, ನನ್ನ ಪಕ್ಕದಲ್ಲಿ ಡೋಲು ಬಾರಿಸುವವನು.

"ನೀನು ಬಾಯಿ ಬಿಟ್ರೆ ನಮ್ಮ ಮೂರು ಜನಾನೂ ಕರ್ಸಿ ಊದಿಸ್ತಾರೆ. ನಾವು ಎಷ್ಟು ಊದ್ತೀವಿ ಅಂತ ನಿಂಗೆ ಗೊತ್ತು."

"ಎಷ್ಟು ಊದ್ತೀಯ ಅಂತ ನಿಂಗೇ ಗೊತ್ತಾಗ್ಬೇಡ್ವಾ?"

"ಬೇಡ. ನಂಗೆ ಕೆಲಸ ಬೇಕು. ದೊಡ್ಡ ಪುಪ್ಪುಸದ ಸಾಹೇಬ್ರಿಗೆ ನಮ್ಮ ಕಷ್ಟ ಎಲ್ಲಿ ಅರ್ಥ ಆಗ್ಬೇಕು."

ಮಧ್ಯಾಹ್ನ ಎಲಾದಿಯೋ ಕಚೇರಿಗೆ ಕರೆದ. ಅವನೇ ಕಾಫಿ ಸುರಿದು ಕೊಟ್ಟ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. "ಮುಂದಿನ ತಿಂಗಳಿಂದ ಮೇಸ್ತ್ರಿ ನೀನೇ. ನಿನ್ನಂಥ ಗಟ್ಟಿ ಆಳು ಬೇಕು ನಂಗೆ. ಅಮಾರೋ ಒಳ್ಳೆಯವ್ನು, ಪಾಪ, ಆದ್ರೆ ಸಿಗರೇಟು ಸೇದ್ತಿದ್ದ ನೋಡು."

"ಬಿಟ್ಟು ಹನ್ನೊಂದು ವರ್ಷ ಆಯ್ತು."

"ಸೇದಿದ್ದು ಸೇದಿದ್ದೇ ಅಲ್ವೇನಪ್ಪ," ಎಂದ. ಆಮೇಲೆ ದನಿ ಇಳಿಸಿ, ಬೇರೆಯವರ ಕಾರ್ಡು ಹಿಡಿದು ವ್ಯಾನ್ ಹತ್ತಿದವನ ಮೇಲೆ ಪೊಲೀಸರಿಗೆ ದೂರು ಕೊಡುವುದು ಮಾಲೀಕನ ಕರ್ತವ್ಯವಾಗಿಬಿಡುತ್ತದೆ ಎಂದ. ಅಂದರೆ ಅವನಿಗೆ ಮೊದಲಿನಿಂದ ಗೊತ್ತಿತ್ತು. ಅಂಗಳಕ್ಕೆ ತೆರೆಯುವ ಕಿಟಕಿ ಅವನದೊಂದೇ.

ಕಾಫಿ ಕುಡಿದು ಬಂದೆ. ಕುಡಿಯಬಾರದಿತ್ತು.

ಮೇ 9, ಭಾನುವಾರ

ಊಟಕ್ಕೆ ಅಕ್ಕನ ಮನೆಗೆ ಹೋದಾಗ ಅಮಾರೋ ಮಲಗಿದ್ದ. ಸಬೇಲಾ ಸೊಪ್ಪು ಹೆಚ್ಚುತ್ತಿದ್ದಳು. ಹೇಳಿಬಿಟ್ಟೆ. ಮೂರು ವರ್ಷ ಅವನ ಹೆಸರಿಗೆ ನಾನೇ ಊದಿದ್ದು ಎಂದು.

ಅವಳು ಚಾಕು ನಿಲ್ಲಿಸಲಿಲ್ಲ. ಕಟ್ಟು ಮುಗಿಸಿ, ಸೊಪ್ಪನ್ನು ಪಾತ್ರೆಗೆ ಹಾಕಿ, ಕೈ ಒರೆಸಿಕೊಂಡು ಕೇಳಿದಳು. "ಮೊದಲನೇ ವರ್ಷ ಇವನೇ ಊದಿದ್ರೆ ಅವತ್ತೇ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು ಅನ್ಸುತ್ತೆ."

"ಅವತ್ತೇ ಕಲ್ಲು ಬಿಡಿಸಿರ್ತಿದ್ರು."

"ಹೂಂ."

"ಮೂರು ವರ್ಷ, ನಿಕಾನೋರ್." ಪಾತ್ರೆಯನ್ನು ಒಲೆಗಿಟ್ಟು ಅಂದಳು, "ನಂಗೆ ಹೇಳಿ ಏನುಪಯೋಗ. ಕೇಳ್ಬೇಕಾದೋರಿಗೆ ಹೋಗಿ ಹೇಳು. ಅಲ್ಲೀವರೆಗೆ ಈ ಮನೇಲಿ ನಿಂಗೆ ತಟ್ಟೆ ಇಲ್ಲ."

ನಾನು ಊಟ ಮಾಡದೆ ಎದ್ದು ಬಂದೆ. ಅವಳು ಬೈದಿದ್ದರೆ ವಾಸಿಯಿತ್ತು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಇವತ್ತು ಅಪರಿಚಿತನನ್ನು ಕಳಿಸಿದ ಹಾಗೆ ಬಾಗಿಲು ಹಾಕಿದಳು.

ಮೇ 30, ಭಾನುವಾರ

ಮೂರು ಭಾನುವಾರ ಒಬ್ಬನೇ ತಿಂದೆ. ಮೇಸ್ತ್ರಿ ಕೆಲಸ ಬೇಡ ಎಂದು ಎಲಾದಿಯೋಗೆ ಹೇಳಿದೆ. ಜೂನ್ ಒಂಬತ್ತಕ್ಕೆ ಡಾಕ್ಟರ ಸಮಯ ಸಿಕ್ಕಿದೆ. ಅಮಾರೋ ರಜೆ ಮುಗಿಯುವುದು ಹದಿನಾಲ್ಕಕ್ಕೆ.

ಈ ವರ್ಷ ಮರಗಳ ಪರಾಗ ಜಾಸ್ತಿ, ಕೆಮ್ಮು ಬಿಡುತ್ತಿಲ್ಲ. ಗಾಯ್ತಾ ಮುಟ್ಟಿ ಎರಡು ವಾರವಾಯಿತು. ಮನಸ್ಸಿಲ್ಲ. ಬರೆಯುವುದೂ ಬೇಜಾರು.

ಜೂನ್ 9, ಬುಧವಾರ

ಎಲ್ಲವನ್ನೂ ಬಿಡದೆ ಬರೆಯುತ್ತೇನೆ.

ಡಾಕ್ಟರ್ ರೆಬೋರೆದೋ ಅರ್ಧ ಗಂಟೆ ಏನೂ ಬರೆದುಕೊಳ್ಳದೆ ಕೇಳಿದಳು. ವ್ಯಾನು, ಟೊಪ್ಪಿ, ಕುಂಟಿದ್ದು, ಎಲ್ಲ ಹೇಳಿದೆ. ಮುಗಿದ ಮೇಲೆ, "ನಾನು ನಂಬ್ತೀನಿ. ವಿಮೆಯೋರು ನಂಬಲ್ಲ. ಅಕ್ಕನ ಗಂಡನ್ನ ಉಳಿಸೋಕೆ ಕಥೆ ಕಟ್ಟಿದಾನೆ ಅಂತಾರೆ," ಎಂದಳು.

"ಊದಿ ತೋರಿಸ್ತೀನಿ. ಅವತ್ತು ಬಂದಿದ್ದು ನನ್ನ ಉಸಿರು ಅಂತ ಈಗ್ಲೇ ಗೊತ್ತಾಗುತ್ತೆ. ಆ ಕೊಳವೆ ಕೊಡಿ ಇಲ್ಲಿ."

ಇದನ್ನು ಹೇಳುವಾಗ ಖುಷಿಯಿತ್ತು ಎಂದು ಒಪ್ಪಿಕೊಳ್ಳಬೇಕು. ಮೂರು ವರ್ಷದ ಪಾಪವನ್ನು ಒಂದೇ ಉಸಿರಿಗೆ ತೊಳೆದುಕೊಳ್ಳುವೆನೆಂದು ಕುರ್ಚಿಯ ಅಂಚಿಗೆ ಕೂತೆ.

ಊದಿದೆ. ಅವಳು ಪರದೆ ನೋಡಿ, ಇನ್ನೊಮ್ಮೆ ಅಂದಳು. ಊದಿದೆ. ಇನ್ನೊಮ್ಮೆ. ಯಂತ್ರ ಸರಿಯಿಲ್ಲ ಅಂದೆ. ಅವಳು ವಾದ ಮಾಡದೆ ಪಕ್ಕದ ಕೋಣೆಯಿಂದ ಬೇರೆ ಯಂತ್ರ ತರಿಸಿದಳು. ಅದರಲ್ಲಿ ಇನ್ನೂ ಕಡಿಮೆ ಬಂತು.

"ಎಷ್ಟು?"

"ಅರವತ್ತೊಂದು."

"ಪರಾಗದ ಕೆಮ್ಮು ಇದೆ, ಅದಕ್ಕೆ."

"ಯಾವಾಗಿಂದ?"

ಹೇಳಿದೆ. ಅವಳು ಇನ್ನೂ ಕೇಳಿದಳು. ಮೆಟ್ಟಿಲು? ದಿಬ್ಬ? ಗಾಯ್ತಾ? ನಾನು ಸೋರುವ ಚೀಲದ ಬಗ್ಗೆ, ಹಗುರ ಮಾಡಿದ ನಾಲಿಗೆಯ ಬಗ್ಗೆ, ಡೋಲಿನವರಿಗೆ ಬಿಟ್ಟುಕೊಟ್ಟ ಸುತ್ತಿನ ಬಗ್ಗೆ ಹೇಳುತ್ತಾ ಹೋದೆ. ಈಗ ಅವಳು ಬರೆದುಕೊಳ್ಳುತ್ತಿದ್ದಳು. ನನ್ನದೇ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಎಲ್ಲಿಯೋ ಮಧ್ಯದಲ್ಲಿ ನಾನು ಮಾತು ನಿಲ್ಲಿಸಿದೆ.

ಎಕ್ಸ್‌ರೇ ತೆಗೆಸಿದಳು. ಬೆಳಕಿನ ಹಲಗೆಗೆ ಸಿಕ್ಕಿಸಿದಾಗ, "ಇದು ಭಾವಂದು, ನಾನು ನೋಡಿದೀನಿ," ಅಂದೆ.

"ಅಲ್ಲ," ಎಂದಳು.

ಆಮೇಲೆ ತುಂಬ ಹೊತ್ತು ಅವಳು ಕಾಗದಗಳನ್ನು ಹುಡುಕಿದಳು. ಅಕ್ಟೋಬರ್ ಹದಿನಾಲ್ಕರಂದು ಅಮಾರೋನ ಹೆಸರಿನಲ್ಲಿ ಯಂತ್ರ ಬರೆದ ಉಸಿರಿನ ಗೆರೆ, ಅದೇ ದಿನದ ನನ್ನ ಗೆರೆ, ಇವತ್ತಿನ ನನ್ನ ಗೆರೆ, ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಪೆನ್ಸಿಲಿನಿಂದ ತೋರಿಸಿದಳು. ಎಲ್ಲರ ಉಸಿರೂ ಕೊನೆಗೆ ಮೆಲ್ಲಗೆ ಇಳಿದು ಮುಗಿಯುತ್ತದೆ. ಈ ಮೂರರಲ್ಲೂ ಮುಗಿಯುವ ಮೊದಲು ಒಂದು ಸಣ್ಣ ಉಬ್ಬು ಇದೆ. ವಾದ್ಯದವನ ಅಭ್ಯಾಸ ಅದು. ಚೀಲಕ್ಕೆಂದು ಕೊನೆಯ ಸ್ವಲ್ಪ ಉಸಿರನ್ನು ಹಿಡಿದಿಟ್ಟು ತಳ್ಳುವುದು. ನಾನು ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಮೂರೂ ಒಬ್ಬನೇ ಊದಿದ್ದು," ಎಂದಳು. "ಇದು ಸಾಕು. ಇನ್ನೊಂದೂ ಇದೆ. ಧೂಳಿನಿಂದ ಉಸಿರು ತಿಂಗಳುಗಳಲ್ಲಿ ಇಳಿಯೋದು ಸಾಧ್ಯ ಇಲ್ಲ ಅಂತ ಅವರು ಬರೆದಿದಾರೆ. ನಿಮ್ಮದು ಎಂಟು ತಿಂಗಳಲ್ಲಿ ಇಳಿದಿದೆ. ಅದೇ ಕಾರ್ಖಾನೆ, ಅದೇ ಕಲ್ಲು. ಇನ್ನು ಆ ಮಾತು ಅವರು ಹೇಳೋ ಹಾಗಿಲ್ಲ."

"ಹಾಗಾದ್ರೆ ಭಾವಂದು ಆಗುತ್ತಾ?"

"ಆಗುತ್ತೆ. ನನ್ನ ವರದಿ ನಾಳೆನೇ ಹೋಗುತ್ತೆ. ತೀರ್ಮಾನ ಬರೋವರೆಗೆ ಅವ್ರ ರಜೆ ನಾನು ಮುಂದುವರಿಸ್ತೀನಿ."

ಖುಷಿಯಾಯಿತು. ಮೊದಲು ಆಗಿದ್ದು ಖುಷಿಯೇ, ಅದು ಸುಳ್ಳಲ್ಲ. ಆಮೇಲೆ ಭಯವಾಯಿತು. ಅವಳು ನೀರು ಕೊಟ್ಟಳು.

"ನಾಳೆಯಿಂದ ನೀವೂ ಕಲ್ಲು ಮುಟ್ಬೇಡಿ. ಇನ್ನು ನೀವು ಊದಿಕೊಟ್ಟ ಉಳಿದ ಮೂರು ಜನರ ಹೆಸರು ಕೊಡಿ."

ಮೊಂಚೋ ಮುಖ ಕಣ್ಣ ಮುಂದೆ ಬಂತು. ಕೊಟ್ಟೆ. ಜೀವಮಾನವಿಡೀ ಅವನು ನನ್ನ ಜೊತೆ ಮಾತಾಡದಿರಲಿ. ಮಾತು ಬಿಡಬೇಕಾದರೂ ಬದುಕಿರಬೇಕಲ್ಲ.

ಜೂನ್ 13, ಭಾನುವಾರ

ಸಬೇಲಾಗೆ ಗುರುವಾರವೇ ಫೋನಿನಲ್ಲಿ ಹೇಳಿದ್ದೆ, ಡಾಕ್ಟರು ನಂಬಿದರು, ಭಾವನದು ಆಗುತ್ತದೆ ಎಂದು. ನನ್ನದನ್ನು ಹೇಳಲಿಲ್ಲ. ಅವಳು ಅತ್ತಳು. ಭಾನುವಾರ ಊಟಕ್ಕೆ ಬಾ ಅಂದಳು.

ಮಧ್ಯಾಹ್ನ ಹೋದಾಗ ಅಮಾರೋ ಕೆಳಗೆ ಗೇಟಿನಲ್ಲೇ ಕಾಯುತ್ತಿದ್ದ. ಅವನ ಮಾತು ಮೀರಿದ್ದಕ್ಕೆ ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ, ತೋಳು ಹಿಡಿದುಕೊಂಡ. ಇಬ್ಬರೂ ಹೊರಗಿನ ಕಲ್ಲಿನ ಮೆಟ್ಟಿಲು ಹತ್ತತೊಡಗಿದೆವು. ಆರನೇ ಮೆಟ್ಟಿಲಿನಲ್ಲಿ ಅವನು ಎಂದಿನಂತೆ ಕೂತ. ನಾನೂ ಕೂತೆ.

"ನೀನ್ಯಾಕೆ ಕೂತೆ?"

"ಸುಮ್ನೆ. ನಿನ್ನ ಜೊತೆಗೆ."

ಅವನು ನನ್ನ ಮುಖವನ್ನೇ ನೋಡಿದ. ಎದೆ ಏರಿ ಇಳಿಯುವುದನ್ನು ನೋಡಿದ. ಆರು ತಿಂಗಳು ಅದನ್ನೇ ಅನುಭವಿಸಿದವನಿಗೆ ಏನು ಮುಚ್ಚಿಡುವುದು.

"ಎಷ್ಟು?" ಎಂದ.

"ಅರವತ್ತೊಂದು."

ಅವನು ಮೆಟ್ಟಿಲಿನ ಅಂಚನ್ನು ಉಗುರಿನಿಂದ ಕೆರೆದ. "ಆದ್ರೂ ನನಗಿಂತ ಜಾಸ್ತಿನೇ," ಎಂದ. "ಕಡಿಮೆ ಊದೋಕೆ ನಿಂಗೆ ಬರಲ್ಲ ಬಿಡು." ನಗಲು ಹೋದ, ಆಗಲಿಲ್ಲ. ನನ್ನ ಹೆಗಲ ಮೇಲೆ ಹಣೆ ಇಟ್ಟು ಅತ್ತ. ಅವನು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೇಲಿನಿಂದ ಸೊಪ್ಪಿನ ಸಾರಿನ ವಾಸನೆ ಬರುತ್ತಿತ್ತು. ಸಬೇಲಾ ಅಡುಗೆಮನೆಯಿಂದಲೇ ಕೂಗಿದಳು, "ಅಲ್ಲೇನ್ ಮಾಡ್ತಿದೀರ ಇಬ್ರೂ? ಮೂರು ತಟ್ಟೆ ಹಾಕಿ ಎಷ್ಟೊತ್ತಾಯ್ತು, ಸಾರು ಆರ್ತಿದೆ."

ಬಂದೆವು ಎಂದು ಕೂಗಬೇಕಿತ್ತು. ನಾನು ಅಮಾರೋನ ಕಡೆ ನೋಡಿದೆ, ಅವನು ನನ್ನ ಕಡೆ ನೋಡಿದ. ಅಲ್ಲಿಯವರೆಗೆ ಕೇಳಿಸುವಷ್ಟು ಉಸಿರು ಇಬ್ಬರಲ್ಲೂ ಇರಲಿಲ್ಲ. ಅವಳು ಇನ್ನೊಮ್ಮೆ ಕೂಗಿದಳು. ಆಮೇಲೆ ಸೌಟು ಕೆಳಗಿಟ್ಟ ಸದ್ದು ಕೇಳಿತು, ಅವಳೇ ಇಳಿದು ಬಂದಳು.